ಡಬ್ಬಿಗೆ ಬೀಗ, ಮುಚ್ಚಳದ ಮೇಲೆ ಗುರುತು: ಯಾವ ಮಾತಿಗೆ ಯಾವ ಮೆಸೇಜಿಂಗ್ ಆ್ಯಪ್?

ಕಳೆದ ವರ್ಷ ಅಮ್ಮನ ಫೋನು ಹಾಳಾಯಿತು. ಡೊಂಬಿವಿಲಿ ಸ್ಟೇಷನ್ ಹತ್ತಿರದ ಒಂದು ಮೊಬೈಲ್ ಅಂಗಡಿಗೆ ಹೋಗಿ ಹೊಸದು ತಗೊಂಡೆವು. ಅಂಗಡಿಯ ಹುಡುಗ ಚುರುಕಾಗಿದ್ದ. ಸಿಮ್ ಹಾಕಿದ. ಅಮ್ಮ ಪರ್ಸಿನಲ್ಲಿ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ ಜಿಮೇಲ್ ಪಾಸ್‌ವರ್ಡ್ ನೋಡಿ ಒತ್ತಿದ. ವಾಟ್ಸ್ಆ್ಯಪ್ ತೆರೆದು 'ರಿಸ್ಟೋರ್' ಮೇಲೆ ಬೆರಳಿಟ್ಟ. ನಾವು ಪಕ್ಕದಲ್ಲಿ ಕಟಿಂಗ್ ಚಾ ಕುಡಿದು ಮುಗಿಸುವಷ್ಟರಲ್ಲಿ ಐದು ವರ್ಷದ ಮಾತೆಲ್ಲ ಹೊಸ ಫೋನಿಗೆ ಬಂದು ಕೂತಿತ್ತು. "ಹೋ ಗಯಾ ಆಂಟಿ" ಅಂತ ಪರದೆ ತಿರುಗಿಸಿ ತೋರಿಸಿದ. ಎಲ್ಲಕ್ಕಿಂತ ಮೇಲಿದ್ದದ್ದು ಊರಲ್ಲಿರುವ ಮಾವನ ಜತೆ ಕುಂದಾಪುರದ ಜಾಗದ ಪಾಲಿನ ಮಾತು. ಅದರ ಕೆಳಗೆ ಅಮ್ಮನ ರಕ್ತ ಪರೀಕ್ಷೆಯ ವರದಿ.

ರಿಕ್ಷಾದಲ್ಲಿ ಬರುವಾಗ ಅಮ್ಮ ಕೇಳಿದರು: "ಈ ಮೆಸೇಜು ಬೇರೆ ಯಾರಿಗೂ ಓದಲಿಕ್ಕೆ ಬರುವುದಿಲ್ಲ ಅಂತ ಹಳದಿ ಬಣ್ಣದಲ್ಲಿ ಬರೆದಿತ್ತಲ್ಲ. ಮತ್ತೆ ಆ ಹುಡುಗನಿಗೆ ಹೇಗೆ ಕಂಡಿತು?"

ಆ ಹುಡುಗ ಏನೂ ತಪ್ಪು ಮಾಡಲಿಲ್ಲ. ನಾವು ಹೇಳಿದ ಕೆಲಸ ಮಾಡಿದ, ಅಷ್ಟೇ. ಆದರೆ ಅಮ್ಮನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಮೇಲೆ ಒಂದೊಂದೇ ಆ್ಯಪ್ ಬಳಸಿ, ಅವುಗಳ ಸೆಟ್ಟಿಂಗ್ಸ್ ಪೂರಾ ನೋಡಿ, ಅವರವರ ನಿಯಮಗಳನ್ನು ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕನ್ನಡ ಬಳಗದಲ್ಲಿ "ಯಾವ ಆ್ಯಪ್ ಸೇಫ್?" ಅಂತ ಎಲ್ಲರೂ ಕೇಳುತ್ತಾರೆ. ಯಾವ ಮಾತಿಗೆ ಅಂತ ಮೊದಲು ಹೇಳಿದರೆ ಮಾತ್ರ ಅದಕ್ಕೆ ಉತ್ತರ ಕೊಡಬಹುದು.

ಬೀಗ, ಮುಚ್ಚಳ, ತೆರೆದ ಡಬ್ಬಿ

ಮುಂಬೈಯಲ್ಲಿರುವ ನಮಗೆ ಇದು ಅರ್ಥವಾಗಲು ಡಬ್ಬಾವಾಲಾರನ್ನು ನೋಡಿದರೆ ಸಾಕು. 1890ರ ಸುಮಾರಿಗೆ ಶುರುವಾದ ಪದ್ಧತಿ ಅದು. ಮನೆಯಲ್ಲಿ ಡಬ್ಬಿ ತುಂಬಿ ಕೊಡುತ್ತೀರಿ, ಆಫೀಸಿನಲ್ಲಿ ನಿಮ್ಮವರು ತೆರೆಯುತ್ತಾರೆ. ನಡುವೆ ನಾಲ್ಕಾರು ಕೈ ಬದಲಾದರೂ ಒಳಗಿರುವುದು ನೀರುದೋಸೆಯೋ ಚಪಾತಿಯೋ ಯಾರೂ ತೆರೆದು ನೋಡುವುದಿಲ್ಲ. ಅಂಥ ಡಬ್ಬಿಗೆ ಒಂದು ಬೀಗ ಹಾಕಿ, ಕೀಲಿ ಕಳಿಸಿದವರ ಹತ್ತಿರ ಮತ್ತು ಪಡೆದವರ ಹತ್ತಿರ ಮಾತ್ರ ಇಟ್ಟರೆ, ಅದೇ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್. ಕಂಪನಿ ಡಬ್ಬಿ ಹೊರುತ್ತದೆ, ತೆರೆಯಲು ಅದಕ್ಕೂ ಆಗುವುದಿಲ್ಲ.

ಈಗ ಡಬ್ಬಿಯ ಮುಚ್ಚಳ ನೋಡಿ. ಬಣ್ಣದಲ್ಲಿ ಬರೆದ ಅಕ್ಷರ, ಅಂಕಿ. ಯಾವ ಸ್ಟೇಷನ್ನಿನಿಂದ ಹತ್ತಿತು, ಎಲ್ಲಿ ಇಳಿಸಬೇಕು, ಯಾವ ಕಟ್ಟಡ, ಎಷ್ಟನೇ ಮಹಡಿ. ಮೆಸೇಜಿಗೂ ಇಂಥ ಗುರುತು ಇರುತ್ತದೆ. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸಲ, ಯಾವ ಊರಿಂದ. ಇದಕ್ಕೆ ಮೆಟಾಡೇಟಾ ಅನ್ನುತ್ತಾರೆ. ರಾತ್ರಿ ಹನ್ನೊಂದಕ್ಕೆ ನೀವು ಕ್ಯಾನ್ಸರ್ ಡಾಕ್ಟರಿಗೆ ಮೆಸೇಜು ಮಾಡಿದಿರಿ, ಆಮೇಲೆ ಅಕ್ಕನಿಗೆ, ಆಮೇಲೆ ವಿಮೆಯ ಏಜೆಂಟರಿಗೆ. ಒಳಗಿನ ಒಂದು ಅಕ್ಷರ ಓದದಿದ್ದರೂ ಸಂಗತಿ ಏನೆಂದು ಗೊತ್ತಾಗುತ್ತದೆ, ಅಲ್ವಾ?

ಮೂರನೆಯದು, ಊಟ ಆದ ಮೇಲೆ ತೆರೆದ ಡಬ್ಬಿ ಎಲ್ಲಿದೆ ಅನ್ನುವುದು. ನಿಮ್ಮ ಫೋನಿನಲ್ಲಿ, ಬ್ಯಾಕಪ್‌ನಲ್ಲಿ, ಆಫೀಸಿನ ಕಂಪ್ಯೂಟರಿನಲ್ಲಿ. ಅಮ್ಮನ ಮಾತು ಸೋರಿದ್ದು ಇಲ್ಲಿಂದ.

ಹಾಗಾಗಿ ಯಾವ ಆ್ಯಪ್ ನೋಡಿದರೂ ನಾನು ಕೇಳುವುದು ಇಷ್ಟು: ಬೀಗ ತಾನಾಗಿ ಬೀಳುತ್ತದೆಯೇ? ಮುಚ್ಚಳದ ಗುರುತನ್ನು ಕಂಪನಿ ಎಷ್ಟು ಬರೆದಿಟ್ಟುಕೊಳ್ಳುತ್ತದೆ? ಪ್ರತಿ ಎಲ್ಲಿ ಉಳಿಯುತ್ತದೆ?

ವಾಟ್ಸ್ಆ್ಯಪ್: ಬೀಗ ಗಟ್ಟಿ, ಉಳಿದದ್ದು ನಮ್ಮ ಕೈಯಲ್ಲಿ

"ವಾಟ್ಸ್ಆ್ಯಪ್‌ನವರು ಎಲ್ಲ ಓದುತ್ತಾರೆ" ಅಂತ ಒಂದು ಫಾರ್ವರ್ಡ್ ಆಗಾಗ ಬರುತ್ತದೆ. ಅದನ್ನು ನಂಬಬೇಡಿ. 2016ರ ಏಪ್ರಿಲ್‌ನಿಂದ ಅದರ ಚಾಟ್, ಗುಂಪು, ಕರೆ ಎಲ್ಲಕ್ಕೂ ಬೀಗ ತಾನಾಗಿ ಬೀಳುತ್ತದೆ. ನಾವು ಏನೂ ಒತ್ತಬೇಕಿಲ್ಲ. ಬಳಸುವ ಬೀಗವೂ ಸಿಗ್ನಲ್ ಎಂಬ ಇನ್ನೊಂದು ಮೆಸೇಜಿಂಗ್ ಆ್ಯಪ್‌ನವರು ಮಾಡಿದ್ದೇ, ಹೆಸರು ಸಿಗ್ನಲ್ ಪ್ರೋಟೋಕಾಲ್. ದಾರಿಯಲ್ಲಿ ಓದಲಾಗದು ಎಂಬ ಮಟ್ಟಿಗೆ ಎರಡೂ ಒಂದೇ.

ಮುಚ್ಚಳದ ಗುರುತಿನ ವಿಷಯ ಬೇರೆ. ವಾಟ್ಸ್ಆ್ಯಪ್ 2014ರಲ್ಲಿ ಫೇಸ್‌ಬುಕ್ ಕಂಪನಿಯ ಪಾಲಾಯಿತು, ಈಗ ಅದರ ಹೆಸರು ಮೆಟಾ. ನಮ್ಮ ಫೋನ್ ಪುಸ್ತಕದ ನಂಬರುಗಳು, ಯಾವ ಫೋನು, ಐಪಿ ವಿಳಾಸದಿಂದ (ಇಂಟರ್ನೆಟ್‌ನಲ್ಲಿ ನಮ್ಮ ಫೋನಿನ ಗುರುತು ಸಂಖ್ಯೆ) ಸಿಗುವ ಸುಮಾರು ಜಾಗ, ಎಷ್ಟು ಬಳಸುತ್ತೇವೆ ಎಂಬುದನ್ನೆಲ್ಲ ತೆಗೆದುಕೊಳ್ಳುತ್ತೇವೆ ಅಂತ ಅವರ ನಿಯಮದಲ್ಲೇ ಬರೆದಿದೆ. 2021ರ ಜನವರಿಯಲ್ಲಿ ಆ ನಿಯಮ ಬದಲಾಯಿಸಲು ಹೊರಟಾಗ ಎಷ್ಟೋ ಜನ ಸಿಗ್ನಲ್, ಟೆಲಿಗ್ರಾಂ ಕಡೆ ಓಡಿದ್ದು ನೆನಪಿರಬಹುದು. ಅದೇ ವಿಷಯಕ್ಕೆ 2024ರ ನವೆಂಬರ್‌ನಲ್ಲಿ ನಮ್ಮ ಸ್ಪರ್ಧಾ ಆಯೋಗ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಮೇಲ್ಮನವಿಗೆ ಹೋಯಿತು.

ಆದರೆ ನಮ್ಮಂಥ ಮನೆಗಳಲ್ಲಿ ಮಾತು ಜಾಸ್ತಿ ಸೋರುವುದು ಬ್ಯಾಕಪ್‌ನಿಂದ. ಆಂಡ್ರಾಯ್ಡ್ ಫೋನಾದರೆ ಚಾಟ್‌ನ ಪ್ರತಿಯು ಗೂಗಲ್ ಖಾತೆಗೆ ಹೋಗುತ್ತದೆ, ಐಫೋನಾದರೆ ಐಕ್ಲೌಡ್‌ಗೆ. ನೀವು ಬೇರೆ ಏನೂ ಮಾಡದಿದ್ದರೆ ಆ ಪ್ರತಿಗೆ ನಿಮ್ಮ ಕೀಲಿಯ ಬೀಗ ಇರುವುದಿಲ್ಲ. ಸಿಮ್ ಮತ್ತು ಖಾತೆಯ ಪಾಸ್‌ವರ್ಡ್ ಕೈಯಲ್ಲಿದ್ದವರು ಅದನ್ನು ಇಳಿಸಿಕೊಳ್ಳಬಹುದು. ಡೊಂಬಿವಿಲಿಯ ಅಂಗಡಿಯಲ್ಲಿ ಆದದ್ದು ಅದೇ. 2021ರ ಅಕ್ಟೋಬರ್‌ನಿಂದ ಬ್ಯಾಕಪ್‌ಗೂ ಬೀಗ ಹಾಕುವ ಸೌಲಭ್ಯ ಬಂದಿದೆ. ಸೆಟ್ಟಿಂಗ್ಸ್, ಅಲ್ಲಿ ಚಾಟ್ಸ್, ಅಲ್ಲಿ ಚಾಟ್ ಬ್ಯಾಕಪ್, ಕೆಳಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್. ಒಂದು ಪಾಸ್‌ವರ್ಡ್ ಇಡಬಹುದು, ಇಲ್ಲವೇ 64 ಅಂಕಿಯ ಕೀಲಿ ತೆಗೆದುಕೊಳ್ಳಬಹುದು. ಮರೆತರೆ ವಾಟ್ಸ್ಆ್ಯಪ್‌ನವರೂ ಹುಡುಕಿ ಕೊಡಲಾರರು. ಬರೆದಿಡಿ, ಆದರೆ ಪರ್ಸಿನಲ್ಲಿ ಬೇಡ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ನಾನು ನನ್ನ ಬ್ಯಾಕಪ್‌ಗೆ ಬೀಗ ಹಾಕಿದೆ, ಸರಿ. ಮಾವ ಹಾಕದಿದ್ದರೆ? ನಾನು ಅವರಿಗೆ ಬರೆದ ಮಾತೆಲ್ಲ ಅವರ ಗೂಗಲ್ ಖಾತೆಯಲ್ಲಿ ಬೀಗವಿಲ್ಲದೆ ಬಿದ್ದಿರುತ್ತದೆ. ಎಂಬತ್ತು ಜನರ ಸಂಘದ ಗುಂಪಿನಲ್ಲಿ ಎಪ್ಪತ್ತೊಂಬತ್ತು ಜನ ಜಾಗ್ರತೆ ಮಾಡಿದರೂ ಉಳಿದ ಒಬ್ಬರ ಹತ್ತಿರ ಎಲ್ಲರ ಮಾತಿನ ತೆರೆದ ಪ್ರತಿ ಇರುತ್ತದೆ. ಅದಕ್ಕೇ ನಾನು ಗುಂಪಿನಲ್ಲಿ ಹಾಕಿದ್ದನ್ನು ನೋಟಿಸ್ ಬೋರ್ಡಿಗೆ ಹಾಕಿದ ಹಾಗೆ ಅಂತಲೇ ಲೆಕ್ಕ ಹಿಡಿಯುತ್ತೇನೆ.

2020ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಮುಂಬೈ ಚಿತ್ರರಂಗದವರ ವಾಟ್ಸ್ಆ್ಯಪ್ ಮಾತುಗಳು ದಿನವಿಡೀ ಟಿವಿಯಲ್ಲಿ ಬರುತ್ತಿದ್ದವು. ಬೀಗ ಇದ್ದರೆ ಇದು ಹೇಗೆ ಹೊರಗೆ ಬಂತು ಅಂತ ನಮ್ಮ ಮನೆಗಳಲ್ಲೂ ಅದೇ ಮಾತು. ದಾರಿಯಲ್ಲಿ ಯಾರೋ ಬೀಗ ಒಡೆದರು ಅಂತ ಯಾರೂ ಹೇಳಲಿಲ್ಲ. ವರದಿಗಳು ಹೇಳಿದ್ದು ಮಾದಕವಸ್ತು ತನಿಖೆಯಲ್ಲಿ ಫೋನಿನ ಪ್ರತಿ ತೆಗೆದ ಬಗ್ಗೆ. ಆಗ ವಾಟ್ಸ್ಆ್ಯಪ್ ಕೊಟ್ಟ ಉತ್ತರದ ಅರ್ಥವೂ ಹೆಚ್ಚುಕಡಿಮೆ ಇದೇ: ಮೆಸೇಜು ದಾರಿಯಲ್ಲಿ ಭದ್ರ, ಫೋನಿನೊಳಗೆ ಇರುವುದನ್ನು ಕಾಯಲು ಫೋನಿಗೆ ಗಟ್ಟಿ ಪಾಸ್‌ವರ್ಡ್ ಇಡಿ.

ಮೂರು ಸಣ್ಣ ವಿಷಯ. ನಿಮ್ಮ ಮೆಸೇಜನ್ನು ಯಾರಾದರೂ ರಿಪೋರ್ಟ್ ಮಾಡಿದರೆ ಆ ಚಾಟ್‌ನ ಕೊನೆಯ ಐದು ಮೆಸೇಜು ಕಂಪನಿಗೆ ಹೋಗುತ್ತದೆ. ಇನ್ನು ಅಂಗಡಿ, ಲ್ಯಾಬ್, ಬ್ಯಾಂಕುಗಳ ಬಿಸಿನೆಸ್ ಖಾತೆಗೆ ಕಳಿಸಿದ್ದನ್ನು ಆ ಕಡೆ ಎಷ್ಟು ಜನ ನೋಡುತ್ತಾರೆ ಅಂತ ನಮಗೆ ಕಾಣುವುದಿಲ್ಲ. ವಾಟ್ಸ್ಆ್ಯಪ್‌ನೊಳಗೇ ಇರುವ ಚಾಟ್‌ಬಾಟ್ ಮೆಟಾ ಎಐ ಬಳಿ ಕೇಳಿದ ಪ್ರಶ್ನೆ ಮೆಟಾಗೇ ಹೋಗುತ್ತದೆ.

ಸಿಗ್ನಲ್: ಮುಚ್ಚಳದ ಮೇಲೂ ಬರೆಯುವುದು ಕಡಿಮೆ

ಖಾಸಗಿತನ ಒಂದನ್ನೇ ನೋಡಿದರೆ ನನ್ನ ಆಯ್ಕೆ ಸಿಗ್ನಲ್. ಇದರಲ್ಲಿ ನನಗೆ ಅನುಮಾನ ಇಲ್ಲ.

ಇದನ್ನು ನಡೆಸುವುದು ಲಾಭಕ್ಕಿಲ್ಲದ ಸಂಸ್ಥೆ. ವಾಟ್ಸ್ಆ್ಯಪ್ ಕಟ್ಟಿದವರಲ್ಲಿ ಒಬ್ಬರಾದ ಬ್ರಯಾನ್ ಆ್ಯಕ್ಟನ್ ಅಲ್ಲಿಂದ ಹೊರಬಂದು 2018ರಲ್ಲಿ 5 ಕೋಟಿ ಡಾಲರ್ ಹಾಕಿ ಇದರ ಫೌಂಡೇಶನ್ ಶುರುವಾಗಲು ನೆರವಾದರು. ಜಾಹೀರಾತು ಇಲ್ಲ. ಆ್ಯಪ್‌ನ ಕೋಡ್ ಎಲ್ಲರಿಗೂ ತೆರೆದಿದೆ, ತಿಳಿದವರು ಓದಿ ತಪ್ಪು ಹುಡುಕಬಹುದು.

ಇವರ ಮಾತಿಗೆ ಸಾಕ್ಷಿಯೂ ಇದೆ. 2016ರಲ್ಲಿ ಅಮೆರಿಕದ ಒಂದು ಗ್ರಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಅಂತ ನಿರ್ಧರಿಸುವ ನಾಗರಿಕರ ಮಂಡಳಿ) ಬಳಕೆದಾರರ ಮಾಹಿತಿ ಕೇಳಿತು. ಸಿಗ್ನಲ್ ಹತ್ತಿರ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದ ದಿನ ಮತ್ತು ಕೊನೆಗೆ ಸರ್ವರ್‌ಗೆ (ಅವರ ಕಂಪ್ಯೂಟರಿಗೆ) ಸೇರಿದ ದಿನ. ಯಾರ ಜತೆ ಮಾತಾಡಿದರು, ಯಾವ ಗುಂಪಿನಲ್ಲಿದ್ದರು ಎಂಬುದು ಅವರ ಹತ್ತಿರವೇ ಇರಲಿಲ್ಲ. ಇಟ್ಟುಕೊಳ್ಳದೇ ಇದ್ದದ್ದನ್ನು ಯಾರು ಕೇಳಿದರೂ ಕೊಡುವುದು ಎಲ್ಲಿಂದ? 2018ರಲ್ಲಿ ಕಳಿಸುವವರ ಗುರುತನ್ನೂ ಡಬ್ಬಿಯ ಒಳಗೇ ಮುಚ್ಚುವ ವ್ಯವಸ್ಥೆ ತಂದರು.

2024ರ ಫೆಬ್ರವರಿಯಲ್ಲಿ ಯೂಸರ್‌ನೇಮ್ ಬಂತು. ಖಾತೆ ತೆರೆಯಲು ಈಗಲೂ ಫೋನ್ ನಂಬರ್ ಬೇಕು, ಆದರೆ ಎದುರಿನವರಿಗೆ ತೋರಿಸಬೇಕಿಲ್ಲ. ಹೆಣ್ಣುಮಕ್ಕಳಿಗೆ ಇದು ದೊಡ್ಡ ನೆಮ್ಮದಿ. ವಾಟ್ಸ್ಆ್ಯಪ್‌ನ ಸೊಸೈಟಿ ಗುಂಪಿಗೆ ಸೇರಿದ ಮರುದಿನವೇ ಗುರುತಿಲ್ಲದವರಿಂದ "ಹಾಯ್" ಬಂದದ್ದು ನನ್ನ ಗೆಳತಿಯರಲ್ಲಿ ಎಷ್ಟೋ ಜನರಿಗೆ ಆಗಿದೆ.

ಕೊರತೆ? ಅಲ್ಲಿ ನಮ್ಮವರಿಲ್ಲ. ಅಮ್ಮನ ಭಜನೆ ಗುಂಪಿನ ಅರವತ್ತಮೂರು ಜನರಲ್ಲಿ ಸಿಗ್ನಲ್ ಇದ್ದದ್ದು ಒಬ್ಬರ ಹತ್ತಿರವೂ ಅಲ್ಲ. ಮಾತಾಡಲು ಯಾರೂ ಇಲ್ಲದಿದ್ದರೆ ಬೀಗ ಎಷ್ಟು ಗಟ್ಟಿ ಇದ್ದು ಏನು ಪ್ರಯೋಜನ? ಹಾಗಾಗಿ ನಾನು ಎಲ್ಲರನ್ನೂ ಎಳೆಯಲು ಹೋಗಲಿಲ್ಲ. ನನಗೆ ಬೇಕಾದ ಐದು ಜನರ ಫೋನಿಗೆ ಹಾಕಿಸಿದೆ. ಐದು ಸಾಕು.

ಇನ್ನೊಂದು ತೊಂದರೆ ಇತ್ತು. ಫೋನು ಕಳೆದರೆ ಹಳೇ ಚಾಟ್ ಕೂಡ ಹೋದಂತೆಯೇ. 2025ರಲ್ಲಿ ಬೇಕಾದವರು ಆನ್ ಮಾಡಿಕೊಳ್ಳುವ ಬ್ಯಾಕಪ್ ತರಲು ಶುರು ಮಾಡಿದರು, 64 ಅಕ್ಷರದ ಕೀಲಿ ನಮ್ಮ ಹತ್ತಿರ ಮಾತ್ರ.

ಟೆಲಿಗ್ರಾಂ: ಇಲ್ಲಿ ಜನ ಮೋಸ ಹೋಗುತ್ತಾರೆ

ಟೆಲಿಗ್ರಾಂ ಅಂದರೆ ಗುಟ್ಟಿನ ಆ್ಯಪ್ ಅಂತ ಹೆಸರಾಗಿದೆ. ಈ ಹೆಸರು ತಪ್ಪು. ಇದನ್ನು ಒತ್ತಿ ಹೇಳಬೇಕು.

ನೀವೇ ಪರೀಕ್ಷೆ ಮಾಡಿ. ಹೊಸ ಫೋನಿಗೆ ಟೆಲಿಗ್ರಾಂ ಹಾಕಿ, ಲಾಗಿನ್ ಆಗಿ. ಬ್ಯಾಕಪ್ ಅಂತ ಏನೂ ಇಲ್ಲದೆಯೇ ಹಳೇ ಮೆಸೇಜು, ಫೋಟೋ ಎಲ್ಲ ಬಂದು ಬೀಳುತ್ತದೆ. ಅನುಕೂಲ ಹೌದು. ಆದರೆ ಎಲ್ಲಿಂದ ಬಂತು? ಅವರ ಸರ್ವರ್‌ನಿಂದ. ಅಂದರೆ ಡಬ್ಬಿಯೂ ಅವರ ಹತ್ತಿರ, ಕೀಲಿಯೂ ಅವರ ಹತ್ತಿರ. ಮಾಮೂಲಿ ಚಾಟ್‌ಗೆ ಇಲ್ಲಿ ಎಂಡ್-ಟು-ಎಂಡ್ ಬೀಗ ಇಲ್ಲ. ಗುಂಪುಗಳಿಗೆ ಹಾಕಲು ಬರುವುದೇ ಇಲ್ಲ. ಇಬ್ಬರ ನಡುವಿನ ಕರೆಗೆ ಇದೆ, 'ಸೀಕ್ರೆಟ್ ಚಾಟ್' ಅಂತ ಬೇರೆಯಾಗಿ ತೆರೆದರೆ ಅದಕ್ಕೆ ಇದೆ. ಅದೂ ಇಬ್ಬರ ನಡುವೆ ಮಾತ್ರ. ನನಗೆ ಗೊತ್ತಿರುವವರಲ್ಲಿ ಅದನ್ನು ತೆರೆದವರು ಯಾರೂ ಇಲ್ಲ.

2022ರಲ್ಲಿ ದೆಹಲಿ ಹೈಕೋರ್ಟ್ ಆದೇಶದಂತೆ, ಕಾಪಿರೈಟ್ ಇರುವ ಪಾಠದ ಸಾಮಗ್ರಿ ಹಂಚಿದ ಚಾನೆಲ್‌ಗಳವರ ವಿವರವನ್ನು ಟೆಲಿಗ್ರಾಂ ಕೊಟ್ಟಿತು. 2024ರ ಆಗಸ್ಟ್‌ನಲ್ಲಿ ಅದರ ಸ್ಥಾಪಕ ಪಾವೆಲ್ ದುರೋವ್ ಅವರನ್ನು ಫ್ರಾನ್ಸ್‌ನಲ್ಲಿ ಬಂಧಿಸಿದರು. ಮರು ತಿಂಗಳೇ, ಸರಿಯಾದ ಕಾನೂನು ಬೇಡಿಕೆ ಬಂದರೆ ನಿಯಮ ಮುರಿದವರ ಐಪಿ ವಿಳಾಸ, ಫೋನ್ ನಂಬರ್ ಕೊಡುತ್ತೇವೆ ಅಂತ ಕಂಪನಿ ಹೇಳಿತು.

ಒಳ್ಳೆಯದೂ ಇದೆ. ಗುಂಪಿಗೆ 2 ಲಕ್ಷ ಜನರನ್ನು ಸೇರಿಸಬಹುದು, ಗುರುತಿಲ್ಲದವರಿಗೆ ನಂಬರ್ ಕಾಣದಂತೆ ಇಡಬಹುದು, ದೊಡ್ಡ ಫೈಲ್ ಸಲೀಸಾಗಿ ಹೋಗುತ್ತದೆ. ಯಕ್ಷಗಾನದ ವಿಡಿಯೋ, ಕಾರ್ಯಕ್ರಮದ ಆಮಂತ್ರಣ ಹಂಚಲು ಬಹಳ ಚೆನ್ನ. ಮನೆಯ ಮಾತಿಗೆ ಬೇಡ.

ಅರಟ್ಟೈ ಮತ್ತು ಉಳಿದವು

ಅರಟ್ಟೈ ಅಂದರೆ ನಮ್ಮ 'ಹರಟೆ'ಯೇ, ತಮಿಳಿನಲ್ಲಿ. ಚೆನ್ನೈನ ಝೋಹೋ ಕಂಪನಿಯದು, 2021ರಲ್ಲಿ ಬಂತು. 2025ರ ಸೆಪ್ಟೆಂಬರ್ ಕೊನೆಗೆ ಕೇಂದ್ರ ಸಚಿವರು ಸ್ವದೇಶಿ ಆ್ಯಪ್ ಬಳಸಿ ಅಂದ ಮೇಲೆ ಜನ ಮುಗಿಬಿದ್ದರು. ಆಗ ಅದರಲ್ಲಿ ಕರೆಗಳಿಗೆ ಎಂಡ್-ಟು-ಎಂಡ್ ಬೀಗ ಇತ್ತು, ಮಾಮೂಲಿ ಮೆಸೇಜಿಗೆ ಇರಲಿಲ್ಲ. ಆಮೇಲೆ ಆ ಕೆಲಸಕ್ಕೆ ಕೈ ಹಾಕಿದರು. ನಮ್ಮ ದೇಶದ್ದು ಅನ್ನುವ ಹೆಮ್ಮೆ ನನಗೂ ಇದೆ. ಆದರೆ ಸ್ವದೇಶಿ ಅನ್ನುವುದು ಬೇರೆ, ಬೀಗ ಇದೆ ಅನ್ನುವುದು ಬೇರೆ. ಬಳಸುತ್ತಿದ್ದರೆ ಅಪ್‌ಡೇಟ್ ಮಾಡಿ. ಆ ಚಾಟ್‌ನಲ್ಲಿ ಎನ್‌ಕ್ರಿಪ್ಷನ್ ಸೂಚನೆ ಕಾಣುತ್ತದೆಯೇ ನೋಡಿಕೊಂಡೇ ಮುಖ್ಯ ಮಾತು ಬರೆಯಿರಿ.

ಐಫೋನಿನಿಂದ ಐಫೋನಿಗೆ ಹೋಗುವ ಐಮೆಸೇಜ್‌ಗೆ ಬೀಗ ಇದೆ, ಐಕ್ಲೌಡ್ ಬ್ಯಾಕಪ್ ಆನ್ ಇದ್ದರೆ ಕೀಲಿ ಆ್ಯಪಲ್ ಹತ್ತಿರವೂ ಇರುತ್ತದೆ. ಅಡ್ವಾನ್ಸ್‌ಡ್ ಡೇಟಾ ಪ್ರೊಟೆಕ್ಷನ್ ಆನ್ ಮಾಡಿದರೆ ಮಾತ್ರ ಅದು ತಪ್ಪುತ್ತದೆ. ಮಾಮೂಲಿ ಎಸ್ಎಂಎಸ್‌ಗೆ ಬೀಗವೇ ಇಲ್ಲ. ಥ್ರೀಮಾ, ಎಲಿಮೆಂಟ್, ಬ್ರೈಯರ್ ಅಂತ ಒಳ್ಳೆ ಹೆಸರಿನ ಆ್ಯಪ್‌ಗಳಿದ್ದವು. 2023ರ ಮೇ ತಿಂಗಳಲ್ಲಿ ಸರ್ಕಾರ ತಡೆದ 14 ಆ್ಯಪ್‌ಗಳ ಪಟ್ಟಿಯಲ್ಲಿ ಅವೂ ಇದ್ದವು. ಹಾಗಾಗಿ ಅವನ್ನು ಈ ಹೋಲಿಕೆಗೆ ತರಲಿಲ್ಲ.

ನಾನು ಯಾವುದಕ್ಕೆ ಯಾವುದು ಬಳಸುತ್ತೇನೆ

ಸೊಸೈಟಿಯ ನೀರಿನ ಸಮಸ್ಯೆ, ಸಂಘದ ಸಭೆ, ಮದುವೆಯ ಫೋಟೋ ಇವಕ್ಕೆ ವಾಟ್ಸ್ಆ್ಯಪ್ ಸಾಕು. ಸುಮ್ನೆ ಎಲ್ಲರನ್ನೂ ಬೇರೆ ಕಡೆ ಎಳೆಯಬೇಡಿ. ಸಾರ್ವಜನಿಕ ಪ್ರಕಟಣೆಗೆ ಟೆಲಿಗ್ರಾಂ ಚಾನೆಲ್.

ವಕೀಲರ ಜತೆಗಿನ ಮಾತು, ಆಸ್ತಿ ಪಾಲು, ಕಾಯಿಲೆ, ಗಂಡನ ಮನೆಯಲ್ಲಿ ಆಗುತ್ತಿರುವ ಹಿಂಸೆ, ಆಫೀಸಿನ ತಪ್ಪನ್ನು ಹೊರಗೆ ಹೇಳುವ ವಿಷಯ. ಇವಕ್ಕೆ ಸಿಗ್ನಲ್, ಮೆಸೇಜು ತಾನಾಗಿ ಅಳಿಸಿಹೋಗುವ ಟೈಮರ್ ಹಾಕಿ. ವಾರಕ್ಕೆ ಅಳಿಯುವ ಮೆಸೇಜು ಆಮೇಲೆ ಬೇರೆಯವರ ಕೈಗೆ ಸಿಗುವ ಫೋನಿನಲ್ಲಿ ಇರುವುದಿಲ್ಲ. ಒಂದು ಎಚ್ಚರ: ಸಾಕ್ಷಿಯಾಗಿ ಬೇಕಾಗುವ ಮಾತನ್ನು ಅಳಿಸಬೇಡಿ. ಹಿಂಸೆ ಅನುಭವಿಸುತ್ತಿರುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಇನ್ನು ಪತ್ರಕರ್ತರು, ಹೋರಾಟಗಾರರು. ಅವರಿಗೆ ಆ್ಯಪ್ ಬದಲಾಯಿಸಿದರೆ ಮಾತ್ರ ಸಾಲದು. 2019ರಲ್ಲಿ ವಾಟ್ಸ್ಆ್ಯಪ್ ಕರೆಯ ಒಂದು ದೋಷ ಬಳಸಿ ಸುಮಾರು 1,400 ಜನರ ಫೋನಿಗೆ ಪೆಗಾಸಸ್ ಗೂಢಚಾರಿ ತಂತ್ರಾಂಶ ಬಿಡಲು ನೋಡಿದರು. ಭಾರತದಲ್ಲಿ ಎಚ್ಚರಿಕೆ ಬಂದವರಲ್ಲಿ ಪುಣೆಯ ಭೀಮಾ ಕೋರೆಗಾಂವ್ ಪ್ರಕರಣಕ್ಕೆ ಸಂಬಂಧಪಟ್ಟ ವಕೀಲರೂ ಇದ್ದರು. ಫೋನಿನೊಳಗೇ ಒಬ್ಬ ಕೂತರೆ ನೀವು ಡಬ್ಬಿ ತೆರೆದಾಗ ಅವನೂ ನೋಡುತ್ತಾನೆ. ಸಿಗ್ನಲ್ ಆದರೂ ಅಷ್ಟೇ. ಫೋನನ್ನೂ ಆ್ಯಪನ್ನೂ ಬಂದ ದಿನವೇ ಅಪ್‌ಡೇಟ್ ಮಾಡುವುದೇ ಇದಕ್ಕೆ ಮೊದಲ ತಡೆ.

ಕಾನೂನಿನ ವಿಷಯ ಚುಟುಕಾಗಿ. 2021ರ ಐಟಿ ನಿಯಮದಂತೆ ದೊಡ್ಡ ಮೆಸೇಜಿಂಗ್ ಆ್ಯಪ್‌ಗಳು, ಕೋರ್ಟ್ ಅಥವಾ ಸರ್ಕಾರ ಆದೇಶಿಸಿದಾಗ, ಒಂದು ಮೆಸೇಜನ್ನು ಮೊದಲು ಬರೆದವರು ಯಾರು ಅಂತ ಹೇಳಬೇಕು. ವಾಟ್ಸ್ಆ್ಯಪ್ ಇದನ್ನು ಪ್ರಶ್ನಿಸಿತು. ಎನ್‌ಕ್ರಿಪ್ಷನ್ ಮುರಿಯಲೇಬೇಕು ಅಂದರೆ ಇಲ್ಲಿಂದ ಹೊರಡುತ್ತೇವೆ ಅಂತ 2024ರ ಏಪ್ರಿಲ್‌ನಲ್ಲಿ ಅವರ ವಕೀಲರು ದೆಹಲಿ ಹೈಕೋರ್ಟ್‌ಗೆ ಹೇಳಿದರು.

ಬೀಗಕ್ಕಿಂತ ಹತ್ತಿರದ ಕಣ್ಣು

ಬೆಳಿಗ್ಗೆ ಫಾಸ್ಟ್ ಲೋಕಲ್‌ನಲ್ಲಿ ನಿಂತಾಗ ನನ್ನ ಗಲ್ಲದ ಕೆಳಗೆ ಯಾರದ್ದೋ ಫೋನು ಇರುತ್ತದೆ. ಓದಬಾರದು ಅಂದರೂ ಕಣ್ಣಿಗೆ ಬೀಳುತ್ತದೆ. ಒಂದು ದಿನ ಠಾಣೆಯಿಂದ ದಾದರ್ ತನಕ ಒಬ್ಬ ಹುಡುಗಿ ಅಳುತ್ತಾ ಬರೆಯುತ್ತಿದ್ದಳು. ಸುತ್ತ ಇದ್ದ ನಾಲ್ಕು ಹೆಂಗಸರಿಗೆ ಪ್ರತಿ ಸಾಲೂ ಕಾಣುತ್ತಿತ್ತು. ನಾನು ಮುಖ ತಿರುಗಿಸಿ ನಿಂತೆ. ಜಗತ್ತಿನ ಯಾವ ಎನ್‌ಕ್ರಿಪ್ಷನ್ನೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಲಾಕ್ ಆದ ಪರದೆಯ ಮೇಲೆ ಮೆಸೇಜಿನ ಸಾಲು ಕಾಣದಂತೆ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು, ನಿಮ್ಮದಲ್ಲದ ಕಂಪ್ಯೂಟರ್ ಇದ್ದರೆ ತೆಗೆದುಹಾಕಿ. ಆಫೀಸು ಬಿಟ್ಟು ಎರಡು ವರ್ಷವಾದರೂ ಅಲ್ಲಿನ ಕಂಪ್ಯೂಟರಿನಲ್ಲಿ ಲಾಗಿನ್ ಆಗಿದ್ದೇವೆ ಅಂದುಕೊಂಡು ಭಯಪಟ್ಟವರನ್ನು ನೋಡಿದ್ದೇನೆ. ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿ, ಆರು ಅಂಕಿಯ ಪಿನ್ ಅಷ್ಟೇ. ಒಟಿಪಿ ಯಾರಿಗೂ ಕೊಡಬೇಡಿ, ಸ್ವಂತ ಮಗನ ಹೆಸರಲ್ಲಿ ಕೇಳಿದರೂ ಫೋನ್ ಮಾಡಿ ವಿಚಾರಿಸಿ. ಖಾತೆ ಯಾರದ್ದೋ ಕೈ ಸೇರಿ ಹಣ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗುಂಪಿಗೆ ಯಾರನ್ನು ಸೇರಿಸುತ್ತಿದ್ದೀರಿ ಅಂತ ಎರಡು ಸಲ ನೋಡಿ. 2025ರ ಮಾರ್ಚ್‌ನಲ್ಲಿ ಅಮೆರಿಕದ ಉನ್ನತ ಅಧಿಕಾರಿಗಳ ಸಿಗ್ನಲ್ ಗುಂಪಿಗೆ ತಪ್ಪಿ ಒಬ್ಬ ಪತ್ರಿಕಾ ಸಂಪಾದಕರು ಸೇರಿದ್ದರು, ದಾಳಿಯ ಯೋಜನೆಯ ಮಾತು ಅವರ ಕಣ್ಣೆದುರೇ ನಡೆಯಿತು. ಬೀಗ ಸರಿಯಾಗಿಯೇ ಇತ್ತು.

ಅಮ್ಮನ ಬ್ಯಾಕಪ್‌ಗೆ ಒಂದು ಭಾನುವಾರ ಕೂತು ಬೀಗ ಹಾಕಿದೆವು. ಪಾಸ್‌ವರ್ಡ್ ಅನ್ನು ಅಮ್ಮ ತಮ್ಮ ಕೈಯಲ್ಲೇ ಕೆಂಪು ರಟ್ಟಿನ ಲೆಕ್ಕದ ಪುಸ್ತಕದಲ್ಲಿ ಬರೆದರು, ಅದು ಕಪಾಟಿನಲ್ಲಿ ರೇಷನ್ ಕಾರ್ಡಿನ ಜತೆ ಇರುತ್ತದೆ. ಪರ್ಸಿನ ಚೀಟಿ ಹರಿದು ಹಾಕಿದರು, ಜಿಮೇಲ್ ಪಾಸ್‌ವರ್ಡ್ ಬದಲಾಯಿಸಿದರು. ಆಮೇಲೆ ಅವರಿಗೇ ಹೊಳೆಯಿತು, ತಮ್ಮನ ಫೋನಿನಲ್ಲೂ ಮಾಡಬೇಕಲ್ಲ ಅಂತ. ಕುಂದಾಪುರಕ್ಕೆ ಲ್ಯಾಂಡ್‌ಲೈನ್‌ನಿಂದ ಕರೆ ಮಾಡಿ, ತಮ್ಮ ಫೋನನ್ನು ಕೈಯಲ್ಲಿ ಹಿಡಿದು ಒಂದೊಂದೇ ಹೇಳತೊಡಗಿದರು. "ಚಾಟ್ಸ್ ಒತ್ತಿದ್ಯಾ? ಇನ್ನೂ ಕೆಳ್ಗ್ ಹೋಯ್ಕ್ ಕಾಣ್." ಆ ಕಡೆ ಮಾವ ಕನ್ನಡಕ ಹುಡುಕುತ್ತಿದ್ದರು.